ಎಳ್ಳಮಾಸಿ ದಿನದ ಮ್ಯಾಟಿನಿ

ಕಾಜಲ ನನ್ನ ಬಾಗಿಲಲ್ಲಿ ಬಂದು ನಿಂತಾಗ ನನಗೆ ಮೊದಲು ಸಂತೋಷವೇ ಆಯಿತು. ಔರಾದಿನ ಹೈಸ್ಕೂಲಿನಲ್ಲಿ ನಾನು ಕನ್ನಡ ಕಲಿಸುತ್ತಿದ್ದಾಗ ಮೊದಲ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ ಅವಳು. ಒಂಬತ್ತು ವರ್ಷದ ಮೇಲೂ ಟೀಚರನ್ನು ನೆನೆದು ಬೀದರಿನ ಮೈಲೂರಿನವರೆಗೆ ಹುಡುಕಿಕೊಂಡು ಬಂದಿದ್ದಾಳೆ ಅಂದುಕೊಂಡೆ. ಅವಳು ಕಾಲು ಮುಟ್ಟಿ ಎದ್ದವಳೇ ಕೇಳಿದಳು: "ಟೀಚರ್, ಮ್ಯಾಲಿನ ಮನ್ಯಾಗ ಕೋರ್ಟಿನ ಬಾಯಿ ಇರ್ತಾರಂತಲ್ರಿ, ಅವರ ಭೇಟಿ ಮಾಡಿಸ್ರಿ."

ನನ್ನ ಸಂತೋಷ ಅಲ್ಲಿಗೇ ನಿಂತಿತು.

ಕೋರ್ಟಿನ ಬಾಯಿ ಎಂದರೆ ನನ್ನ ಮನೆಯ ಒಡತಿ ಭಾಗೀರಥಿಬಾಯಿ. ಮೂವತ್ತೊಂದು ವರ್ಷ ಬೀದರಿನ ನ್ಯಾಯಾಲಯದಲ್ಲಿ ಸಾಕ್ಷಿಗಳ ಹೇಳಿಕೆ ಟೈಪ್ ಮಾಡಿದವರು. ನಿವೃತ್ತರಾದ ಮೇಲೆ ಓಣಿಯವರು, ಓಣಿಯವರ ಬೀಗರು, ಬೀಗರ ಬೀಗರು ತಮ್ಮ ಮನೆಯ ಗುಟ್ಟುಗಳನ್ನು ಅವರ ಮುಂದೆ ತಂದು ಬಿಚ್ಚತೊಡಗಿದರು. ನಾನು ಅವರ ಕೆಳಮನೆಯ ಬಾಡಿಗೆದಾರಳು. ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಬಂದು ಏಳು ವರ್ಷವಾಯಿತು. ಸಂಜೆಯ ಚಹಾ ಅವರ ಜೊತೆಗೇ ಆಗಬೇಕು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿ ನನ್ನದು ಎಂದು ಯಾರೂ ಹೇಳಿರಲಿಲ್ಲ, ಆದರೆ ಅದು ನನ್ನದಾಗಿತ್ತು.

ಆ ಶುಕ್ರವಾರ ಭಾಗೀರಥಿಬಾಯಿ ಆ ಕುರ್ಚಿಯಲ್ಲಿ ಕಾಜಲಳನ್ನು ಕೂರಿಸಿದರು. ನನಗೆ ಮಂಚದ ತುದಿ ಸಿಕ್ಕಿತು. "ಪರವಾಗಿಲ್ರಿ, ಇಲ್ಲೇ ಕೂಡ್ತೇನಿ" ಎಂದು ನಕ್ಕೆ.

ಕಾಜಲಳ ಜೊತೆ ಅವಳ ನಾದಿನಿ ಸಪ್ನಾ ಬಂದಿದ್ದಳು. ಇಪ್ಪತ್ತೆಂಟರ ಹೆಣ್ಣು, ತೆಳ್ಳಗೆ, ನೋಡಲು ಚೆಂದ. ಮಾತಿನ ನಡುವೆ ಓಡ್ನಿಯ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಒಬ್ಬಾಕಿನ್ನೇ ಕಳಿಸಬ್ಯಾಡ ಅಂದಾನರಿ ನಮ್ಮಣ್ಣ. ಅದಕ್ಕ ನಾ ಬಂದೇನಿ" ಎಂದಳು.

"ನನ್ನ ಮ್ಯಾಲೆ ಕಾವಲರಿ" ಎಂದಳು ಕಾಜಲ.

ಕಾಜಲ ಭಾಲ್ಕಿಗೆ ಸೊಸೆಯಾಗಿ ಹೋಗಿ ಒಂದೂವರೆ ವರ್ಷ. ಗಂಡ ಅನೀಲಕುಮಾರ ಬೀಜ, ಗೊಬ್ಬರದ ಅಂಗಡಿ ಇಟ್ಟವನು. ಅತ್ತೆ ಕಸ್ತೂರಿಬಾಯಿ, ಭಾವ ಓಂಪ್ರಕಾಶ, ಅವನ ಹೆಂಡತಿ ಸಿದ್ದೇಶ್ವರಿ, ಗಂಡನ ಮನೆ ಬಿಟ್ಟು ಬಂದು ಮೂರು ವರ್ಷವಾದ ಸಪ್ನಾ, ಎಲ್ಲರೂ ಒಂದೇ ಮನೆಯಲ್ಲಿದ್ದರು. ಹೊಲ ಖಟಕ ಚಿಂಚೋಳಿಯಲ್ಲಿ. ಹತ್ತು ದಿನದ ಹಿಂದೆ ಎಳ್ಳಮಾಸಿಗೆ, ಎಂದರೆ ಎಳ್ಳು ಅಮಾವಾಸ್ಯೆಗೆ, ಮನೆಯವರೆಲ್ಲ ಬೆಳೆಗೆ ಎಡೆಯ ಚರಗ ಚೆಲ್ಲಲು ಹೊಲಕ್ಕೆ ಹೋದರು. ಕಾಜಲ ಹೊರಗಾಗಿದ್ದಳು. ಆ ಮೂರು ದಿನ ಹೊಲದ ಪೂಜೆಗೆ ಹೆಂಗಸರು ಕಾಲಿಡುವ ಹಾಗಿಲ್ಲ, ಆದ್ದರಿಂದ ಭಾಲ್ಕಿಯ ಮನೆಯಲ್ಲಿ ಅವಳೊಬ್ಬಳೇ ಉಳಿದಳು.

"ಐದು ದಿನ ಆತ್ರಿ, ನನ್ನ ಪರ್ಸಿನಾಗ ಎರಡು ಟಿಕೇಟು ಸಿಕ್ಕಾವಂತ. ಸಿದ್ದೇಶ್ವರಿ ಅಕ್ಕ ತಗದು ಅಂಗಳದಾಗ ನಿಂತು ಓದಿದ್ಲು. ಎಳ್ಳಮಾಸಿ ದಿನದ ಮ್ಯಾಟಿನಿ. ಮನ್ಯಾಗ ಯಾರೂ ಇಲ್ಲದ ದಿನ ನಾ ಯಾರ್ದೋ ಜೋಡಿ ಪಿಕ್ಚರಿಗೆ ಹೋಗೇನಿ ಅಂತ ಆತ್ರಿ. ಅವತ್ತಿಂದ ಅವರು ನನ್ನ ಜೋಡಿ ಮಾತಾಡಿಲ್ಲ. ನಾಡಿದ್ದು ಐತವಾರ ನಮ್ಮಪ್ಪಗ ಬಾ ಅಂದಾರ. ಔರಾದಿಗೆ ಕರಕೊಂಡು ಹೋಗು, ತಿರುಗಿ ಕಳಿಸಬ್ಯಾಡ ಅಂತ."

"ನೀ ಆ ಪಿಕ್ಚರ್ ನೋಡೀಯೇನು?" ಭಾಗೀರಥಿಬಾಯಿ ಕೇಳಿದರು.

"ಇಲ್ರಿ. ಆದ್ರ ಕಥಿ ಪೂರಾ ಗೊತ್ತದರಿ. ಅದೇ ನನ್ನ ಕುತ್ತಿಗಿಗೆ ಬಂತು. ಓಣಿ ಹೆಣ್ಮಕ್ಕಳ ಮುಂದ ಒಂದಿನ ಕಥಿ ಹೇಳಿದ್ದೆ. ನೋಡದ ಹ್ಯಾಂಗ ಹೇಳಿದಿ ಅಂತ ಅತ್ತಿ ಕೇಳ್ತಾರ. ನಮ್ಮಪ್ಪ ಬೀದರಿಗೆ ಬಂದು ನೋಡಿ, ಎಳ್ಳಮಾಸಿಗೆ ನಾ ಮನ್ಯಾಗ ಒಬ್ಬಾಕೇ ಕೂತೇನಂತ ಫೋನಿನಾಗ ಒಂದು ತಾಸು ಹೇಳಿದ್ನರಿ. ಸಣ್ಣಾಕಿದ್ದಾಗಿಂದ ನಾವಿಬ್ಬರೂ ಕೂಡೇ ನೋಡಾವ್ರು. ಆದ್ರ ಅಪ್ಪನ ಮಾತು ಯಾರು ನಂಬ್ತಾರ್ರಿ?"

ಆ ಸಿನಿಮಾ 'ಠಾಣೆ ನಂಬರ್ ಹದಿನೇಳು'. ಮೂರು ವಾರದಿಂದ ನಮ್ಮ ಜಿಲ್ಲೆಯಲ್ಲಿ ತರಕಾರಿ ಮಾರುವವರೂ ಅದರ ಮಾತನ್ನೇ ಆಡುತ್ತಿದ್ದರು.

"ಹೇಳು, ನನಗೂ ಹೇಳು. ಒಂದೂ ಬಿಡಬ್ಯಾಡ" ಎಂದರು ಭಾಗೀರಥಿಬಾಯಿ.

ಕಾಜಲ ಹೇಳಿದಳು. ಮೊದಮೊದಲು ತಡವರಿಸಿದಳು, ಆಮೇಲೆ ತನ್ನ ಸಂಕಟವನ್ನೇ ಮರೆತಳು. ಕುಂಟುವ ಒಬ್ಬ ಇನ್‌ಸ್ಪೆಕ್ಟರ್. ಊರನ್ನೇ ಮುಷ್ಟಿಯಲ್ಲಿಟ್ಟುಕೊಂಡ ಒಬ್ಬ ಗ್ಯಾಂಗಿನ ಧಣಿ. ಮೂರು ಸಲ ಕೈಗೆ ಸಿಕ್ಕರೂ ಇನ್‌ಸ್ಪೆಕ್ಟರ್ ಅವನಿಗೆ ಗುಂಡು ಹೊಡೆಯುವುದಿಲ್ಲ. ಯಾಕೆಂದರೆ ಹುಡುಗರಾಗಿದ್ದಾಗ ಇಬ್ಬರೂ ಜೀವದ ಗೆಳೆಯರು. ಕೋಟೆಯ ಗೋಡೆಯಿಂದ ಬೀಳುತ್ತಿದ್ದ ಆ ಧಣಿಯನ್ನು ಹಿಡಿಯಲು ಹೋಗಿಯೇ ಇವನ ಕಾಲು ಮುರಿದದ್ದು. ನಾನು ಮಂಚದ ತುದಿಯಲ್ಲಿ ಉಸಿರು ಹಿಡಿದು ಕೂತಿದ್ದೆ. ನನ್ನ ಕುರ್ಚಿಯ ನೆನಪೂ ಹೋಗಿತ್ತು.

ಸಪ್ನಾ ಸಣ್ಣಗೆ ನಕ್ಕಳು. "ವೈನಿ ಕಥಿ ಹೇಳೂದು ಹಿಂಗೇರಿ. ಇಲ್ಲದ್ದೂ ಕೂಡಿಸ್ತಾಳ."

"ಅಷ್ಟು ಯಾಕ ಹಿಡಿಸ್ತದ ನಿನಗ ಈ ಪೊಲೀಸು, ಗೂಂಡಾಗಳ ಪಿಕ್ಚರ್?" ಭಾಗೀರಥಿಬಾಯಿ ಕಾಜಲಳನ್ನು ಕೇಳಿದರು.

"ಅದರಾಗ ಕೆಟ್ಟಾಂವ ಯಾರಂತ ಮೊದಲೇ ಗೊತ್ತಿರ್ತದರಿ. ಹಿಡೀತಾರೋ ಇಲ್ಲೋ ಅಂತ ಅಷ್ಟೇ ಅಂಜಿಕಿ. ಮನ್ಯಾಗ ಹಂಗಿಲ್ಲಲ್ರಿ."

ಸಿದ್ದೇಶ್ವರಿ ಆ ಟಿಕೇಟುಗಳ ಫೋಟೊ ತೆಗೆದು ಮನೆಯವರ ವಾಟ್ಸಾಪ್ ಗ್ರೂಪಿಗೂ ಹಾಕಿದ್ದಳು. ಕಾಜಲ ಮೊಬೈಲು ತೋರಿಸಿದಳು. ಗುಲಾಬಿ ಬಣ್ಣದ ಬಾಲ್ಕನಿ ಟಿಕೇಟು, ನೀಲಿ ಠಸ್ಸೆಯಲ್ಲಿ ತಾರೀಖು. ಅಕ್ಕಪಕ್ಕ ಇಟ್ಟಿದ್ದರು, ಒಂದು ಉದ್ದ, ಒಂದು ಮೋಟು. ಭಾಗೀರಥಿಬಾಯಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಎಳ್ಳಮಾಸಿ ದಿನ ಹೊಲದಿಂದ ಭಾಲ್ಕಿಗೆ ಯಾರ್ಯಾರು ಬಂದಿದ್ರು?"

"ನಾ ಬಂದಿದ್ದೆರಿ, ವೈನಿಗೆ ಬುತ್ತಿ ತಗೊಂಡು" ಎಂದಳು ಸಪ್ನಾ. "ದೊಡ್ಡ ವೈನಿನೂ ಅದೇ ಬಸ್ಸಿಗೆ ಬಂದ್ಲು, ತನ್ನ ತವರಮನಿಗೆ ಭಜ್ಜಿ, ರೊಟ್ಟಿ ಕೊಡ್ಲಿಕ್ಕ. ನಾ ಬುತ್ತಿ ಕೊಟ್ಟು ಹಂಗೇ ತಿರುಗಿ ಹೋದೆರಿ."

"ನೀನೂ ಪಿಕ್ಚರ್ ನೋಡಿಲ್ಲೇನವ್ವ?"

"ನನಗ್ಯಾರು ತೋರಿಸ್ತಾರ್ರಿ?" ಸಪ್ನಾ ಮತ್ತೆ ನಕ್ಕಳು. ಆ ನಗೆ ನನಗೆ ಎಲ್ಲೋ ಕೇಳಿದ ಹಾಗಿತ್ತು.

ಅವರಿಬ್ಬರೂ ಹೋದ ಮೇಲೆ ನಾನು ಸಿದ್ದೇಶ್ವರಿಯ ಮೇಲೆ ಬೆರಳು ತೋರಿಸಿದೆ. ಪರ್ಸು ತೆಗೆದವಳು ಅವಳು, ಅಂಗಳದಲ್ಲಿ ಕೂಗಿದವಳು ಅವಳು, ಫೋಟೊ ಹಾಕಿದವಳೂ ಅವಳೇ.

"ಇರಬಹುದು" ಎಂದರು ಭಾಗೀರಥಿಬಾಯಿ. "ಆದ್ರ ಒಂದು ಮಾತು ಹೇಳ್ತೇನಿ ಸತ್ಯಮ್ಮ. ಸುಳ್ಳ ಹೇಳಾವ್ರು ತಾವು ಹೇಳಿದ್ರಾಗ ಬಹಳ ಸಿಗಂಗಿಲ್ಲ. ಇನ್ನೊಬ್ಬರು ಹೇಳಿದ್ದನ್ನ ತಿದ್ದಲಿಕ್ಕ ಹೋಗಿ ಸಿಗ್ತಾರ. ಐತವಾರ ಮುಂಜಾನಿ ಭಾಲ್ಕಿಗೆ ಹೋಗೂಣು. ಮನಿಗಿಂತ ಮೊದಲ ಟಾಕೀಜಿಗೆ."

ಭಾಲ್ಕಿಯ ಆ ಟಾಕೀಜಿನ ಮುಂದೆ ಭಾನುವಾರ ಹತ್ತಕ್ಕೇ ಜನ ನೆರೆದಿದ್ದರು. ಮಷಿನ್ ಆಪರೇಟರ್ ಧೊಂಡಿಬಾ ಮೆಟ್ಟಿಲ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದ. ಕೋರ್ಟಿನಲ್ಲಿ ಯಾವುದೋ ಭೂಮಿ ವ್ಯಾಜ್ಯಕ್ಕೆ ಸಾಕ್ಷಿಗೆ ಬಂದಿದ್ದವನು ಭಾಗೀರಥಿಬಾಯಿಯ ಗುರುತು ಹಿಡಿದು ಎದ್ದು ನಿಂತ.

"ಎಳ್ಳಮಾಸಿ ದಿನ ಆಟ ನಡೀತೇನು ಧೊಂಡಿಬಾ?"

"ಆ ದಿನದ್ದು ಕೇಳಬ್ಯಾಡ್ರಿ ಬಾಯಿ. ಊರಿಗೂರೇ ಹೊಲಕ್ಕ ಹೋಗ್ತದ, ಪಿಕ್ಚರ್ ಯಾರು ನೋಡ್ತಾರ? ಬಂದ್ ಇಡೂಣು ಅಂದ್ರ ಮಾಲೀಕ ಕೇಳಲಿಲ್ಲ. ಗೇಟಿನಾಂವನೂ ಹೊಲಕ್ಕ ಹೋದ. ಟಿಕೇಟ್ ಹರಿಯಾಂವ ನಾನೇ, ಮಷಿನ್ ನಡಸಾಂವ ನಾನೇ. ನಾನೂ ಚರಗ ಚೆಲ್ಲಿ ಓಡಿ ಬಂದೆ, ಆಟ ಸುರು ಆಗೂದು ಮುಕ್ಕಾಲು ತಾಸು ತಡ ಆತು."

"ಮತ್ತ ಸಂಜಿ ಆಟ?"

ಧೊಂಡಿಬಾ ಅತ್ತಿತ್ತ ನೋಡಿ ದನಿ ಇಳಿಸಿದ. "ಮಾಲೀಕಗ ಹೇಳಬ್ಯಾಡ್ರಿ. ಸಂಜಿ ಆಟ ಟೈಮಿಗೆ ಬಿಡಬೇಕಲ್ರಿ. ಇಂಟರ್ವಲ್ ಆದಕೂಡ್ಲೇ ಹಾಡು, ಅವರಿಬ್ಬರೂ ಹುಡುಗರಿದ್ದಾಗಿಂದು, ಎಲ್ಲಾ ಹಾರಿಸಿ ಮುಂದಕ್ಕ ಹೋದೆ. ಆ ಒಂದೇ ಆಟರಿ. ದೇವರಾಣಿ, ಮತ್ತ ಎಂದೂ ಮಾಡಿಲ್ಲ."

"ಒಬ್ಬರು ಎರಡು ಟಿಕೇಟ್ ತಗೊಂಡು ಬಂದ್ರ ಹ್ಯಾಂಗ ಹರೀತಿ?"

"ಒಳಗ ಎಷ್ಟು ಮಂದಿ ಬರ್ತಾರೋ ಅಷ್ಟೇ ಹರೀತೇನ್ರಿ. ಹಿಂದ ಬರಾವ್ರಿದ್ರ ಅವರದು ಅವರು ಬಂದಾಗ. ಎಲ್ಲಾ ಹರದುಬಿಟ್ರ ಹಿಂದಿನವ್ರು ಜಗಳ ತಗೀತಾರ. ಆ ದಿನ ಒಬ್ಬಾಕಿ ಬಂದಿದ್ಲರಿ ಎರಡು ಟಿಕೇಟ್ ಹಿಡಕೊಂಡು, ಓಡ್ನಿಲೇ ಮಾರಿ ಮುಚ್ಚಿಕೊಂಡು. ಇನ್ನೊಬ್ಬರು ಬರ್ತಾರ ಅಂದ್ಲು. ಯಾರೂ ಬರ್ಲಿಲ್ಲ."

ಭಾಗೀರಥಿಬಾಯಿ ನನ್ನ ಕಡೆ ತಿರುಗಲೂ ಇಲ್ಲ. ಅಷ್ಟರಲ್ಲಿ ನನಗೂ ಆ ಉದ್ದ, ಮೋಟು ಟಿಕೇಟು ಕಣ್ಣ ಮುಂದೆ ಬಂದಿತ್ತು. ಆದರೆ ಮುಖ ಮುಚ್ಚಿಕೊಂಡ ಆ ಹೆಂಗಸು ಯಾರೆಂದು ಮಾತ್ರ ಹೊಳೆಯಲಿಲ್ಲ.

ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದ್ದರು. ಕಾಜಲಳ ತಂದೆ ಹಣಮಂತಪ್ಪ ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಕಾಜಲಳ ಟ್ರಂಕು ಆಗಲೇ ಬಾಗಿಲ ಪಕ್ಕಕ್ಕೆ ಬಂದಿತ್ತು. ಅನೀಲಕುಮಾರ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಅಡುಗೆಮನೆಯ ಬಾಗಿಲಿಗೆ ಒರಗಿ ಸಪ್ನಾ ನಿಂತಿದ್ದಳು.

"ನಮ್ಮ ಮನಿ ವಿಷಯ ನಿಮಗ್ಯಾಕ ಬೇಕ್ರಿ?" ಎಂದಳು ಸಿದ್ದೇಶ್ವರಿ.

"ನೀನೇ ಅಂಗಳದಾಗ ನಿಂತು ಓದಿದೀಯಂತಲ್ಲವ್ವ. ಬೀದರಿನ ತನಕ ಕೇಳಿಸ್ತು, ಬಂದೆ" ಎಂದರು ಭಾಗೀರಥಿಬಾಯಿ. ಓಂಪ್ರಕಾಶ ಕೆಮ್ಮಿ ನಗೆ ನುಂಗಿದ. "ಕಾಜಲಳ ಪರ್ಸು ನೀ ಯಾಕ ತಗದಿ?"

"ಸೀರಿಗೆ ಪಿನ್ನು ಬೇಕಾಗಿತ್ರಿ. ಸಣ್ಣ ವೈನಿ ಪರ್ಸಿನಾಗ ಇರ್ತಾವ ನೋಡು ಅಂತ ಸಪ್ನಾ ಅಂದ್ಲು, ತಗದೆ."

"ಎಳ್ಳಮಾಸಿ ದಿನ ನೀವಿಬ್ಬರೂ ಹೊಲಕ್ಕ ತಿರುಗಿ ಎಷ್ಟಕ್ಕ ಬಂದ್ರಿ?"

ಉತ್ತರ ಕೊಟ್ಟವರು ಕಸ್ತೂರಿಬಾಯಿ. "ಅದನ್ನೇನು ಕೇಳ್ತೀರಿ! ಹೊತ್ತು ಮುಣುಗಿದ ಮ್ಯಾಲೆ ಬಂದ್ರು ಇಬ್ಬರೂ. ದೊಡ್ಡಾಕಿ ತವರಮನ್ಯಾಗ ಕೂತ್ಲು. ಸಪ್ನಾಗ ಬಸ್ ಸಿಗಲಿಲ್ಲಂತ."

ಹಂಗೇ ತಿರುಗಿ ಹೋದೆ ಎಂದು ಸಪ್ನಾ ಹೇಳಿದ್ದು ನನ್ನ ಕಿವಿಯಲ್ಲಿತ್ತು. ಭಾಗೀರಥಿಬಾಯಿ ಅದನ್ನು ಎತ್ತಲಿಲ್ಲ.

"ಆ ಟಿಕೇಟು ತರ್ರಿ."

ಕಸ್ತೂರಿಬಾಯಿ ದೇವರ ಜಗಲಿಯಿಂದ ತಂದು ಕೊಟ್ಟರು. ಭಾಗೀರಥಿಬಾಯಿ ಎರಡನ್ನೂ ಅನೀಲಕುಮಾರನ ಅಂಗೈ ಮೇಲಿಟ್ಟರು. "ಅಂಗಡಿ ನಡಸಾಂವ ನೀನು, ಬರೋಬ್ಬರಿ ನೋಡು. ಎರಡೂ ಒಂದೇ ಅದಾವೇನು?"

ಅವನು ಮೊದಲ ಬಾರಿಗೆ ತಲೆಯೆತ್ತಿದ. "ಒಂದು ಹರದದ. ಇನ್ನೊಂದು ಹಂಗೇ ಅದ."

"ಗೇಟಿನಾಗ ಒಳಗ ಹೋದವರದಷ್ಟೇ ಹರೀತಾರ. ಅಂದ್ರ ಒಳಗ ಹೋದಾಕಿ ಒಬ್ಬಾಕಿ. ಜೋಡಿ ಯಾರೂ ಇರಲಿಲ್ಲ. ಒಂದು ವಾರ ಇದು ನಿಮ್ಮ ಮನ್ಯಾಗೇ ಇತ್ತು. ಎರಡು ಅಂತ ಎಣಿಸಿದ್ರಿ, ಕಣ್ಣು ತೆರೆದು ನೋಡಲಿಲ್ಲ."

"ಹಂಗಾದ್ರೂ ಕಾಜಲ ಒಬ್ಬಾಕೇ ಹೋಗಿರಬಹುದಲ್ಲ?" ಓಂಪ್ರಕಾಶ ಕೇಳಿದ.

"ಕೇಳು, ಕೇಳಬೇಕಾದದ್ದೇ ಕೇಳಿದಿ. ನೀ ಪಿಕ್ಚರ್ ನೋಡೀಯೇನು?"

"ಮೊದಲ ಐತವಾರ ನೋಡೇನ್ರಿ, ಗೆಳೆಯರ ಜೋಡಿ."

"ಆ ಇನ್‌ಸ್ಪೆಕ್ಟರ್ ಯಾಕ ಕುಂಟ್ತಾನ?"

"ಹುಡುಗ ಇದ್ದಾಗ ಕೋಟೆ ಗೋಡಿ ಮ್ಯಾಲಿಂದ ಬಿದ್ದಿರ್ತಾನಲ್ರಿ, ಆ ಧಣೀನ ಉಳಿಸ್ಲಿಕ್ಕ ಹೋಗಿ. ಪಿಕ್ಚರಿನ ಜೀವಾನೇ ಅದರಾಗದ."

ಹಣಮಂತಪ್ಪ ತಲೆಯಾಡಿಸಿದರು. "ಹೌದ್ರಿ. ನಾ ಅತ್ತುಬಿಟ್ಟೆ ಅಲ್ಲಿ. ಮಗಳಿಗೂ ಅದನ್ನೇ ಹೇಳಿದ್ದೆ."

"ಎಳ್ಳಮಾಸಿ ಮ್ಯಾಟಿನಿಯೊಳಗ ಆ ಭಾಗ ತೋರಿಸಿಲ್ಲ" ಎಂದರು ಭಾಗೀರಥಿಬಾಯಿ. "ತಡ ಆತಂತ ಆಪರೇಟರ್ ಹಾರಿಸಿಬಿಟ್ಟ. ಆ ಒಂದೇ ಆಟ. ಆವತ್ತು ಕೂತು ನೋಡಿದವರಿಗೆ ಆತ ಯಾಕ ಕುಂಟ್ತಾನ ಅನ್ನೂದೇ ಗೊತ್ತಿಲ್ಲ. ಕಾಜಲಗ ಗೊತ್ತದ. ಕಥಿ ಪೂರಾ ಗೊತ್ತದ ಅಂತ ಆಕಿನ್ನ ತಪ್ಪಿತಸ್ಥಳು ಮಾಡಿದ್ರಿ. ಪೂರಾ ಗೊತ್ತಿರೂದಕ್ಕೇ ಆಕಿ ಆ ಆಟ ನೋಡಿಲ್ಲ. ನೋಡಿದ್ರ, ಅಪ್ಪ ಹೇಳಿದ ಆ ಭಾಗ ಪಿಕ್ಚರಿನಾಗ ಇರಲಿಲ್ಲಲ್ಲ ಅಂತ ಆಕಿನೇ ಹೇಳ್ತಿದ್ಲು."

ಕಾಜಲ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಶುಕ್ರವಾರ ನಮ್ಮ ಮನ್ಯಾಗ ಕಾಜಲ ಈ ಕಥಿ ಹೇಳಿದ್ಲು. ಒಬ್ಬಾಕಿ ಅದನ್ನ ತಿದ್ದಿದ್ಲು. ಇಲ್ಲದ್ದು ಕೂಡಿಸ್ತಾಳ ಅಂದ್ಲು." ಭಾಗೀರಥಿಬಾಯಿ ಅಡುಗೆಮನೆಯ ಬಾಗಿಲ ಕಡೆ ತಿರುಗಿದರು. ಅವರ ದನಿ ಗಟ್ಟಿಯಾಗಲಿಲ್ಲ, ಮೆತ್ತಗಾಯಿತು. "ಸಪ್ನಾ, ಪಿಕ್ಚರ್ ನೋಡದಾಕಿಗೆ ಅದರಾಗ ಏನಿಲ್ಲ ಅನ್ನೂದು ಹ್ಯಾಂಗ ಗೊತ್ತಾತವ್ವ?"

ಸಪ್ನಾ ಬೆರಳಿಗೆ ಸುತ್ತಿದ್ದ ಓಡ್ನಿಯನ್ನು ಬಿಚ್ಚಿದಳು, ಮತ್ತೆ ಸುತ್ತಿದಳು.

"ಮಂದಿ ಹೇಳಿದ್ದು ಕೇಳೇನ್ರಿ."

"ಮಂದಿಗೆಲ್ಲ ಅದು ಗೊತ್ತದ. ಆ ಆಟದಾಗ ಕೂತವರಿಗಷ್ಟೇ ಗೊತ್ತಿಲ್ಲ. ಬುತ್ತಿ ಕೊಟ್ಟು ಹಂಗೇ ತಿರುಗಿ ಹೋದೆ ಅಂದಿದ್ದಿ. ನಿಮ್ಮವ್ವ ಹೊತ್ತು ಮುಣುಗಿದ ಮ್ಯಾಲೆ ಬಂದಿ ಅಂತಾಳ. ಕಾಜಲಳ ಪರ್ಸಿನಾಗ ಟಿಕೇಟು ಇಟ್ಟಾಕಿ ನೀನು, ಸಿದ್ದೇಶ್ವರಿಗೆ ಪರ್ಸು ತೋರಿಸಿದಾಕಿನೂ ನೀನೇ. ಆಕಿಗೆ ಬಾಯಿ ಜೋರದ, ಉಳಿದ ಕೆಲಸ ತಾನೇ ಮಾಡ್ತಾಳ ಅಂತ ನಿನಗ ಗೊತ್ತಿತ್ತು."

ಸಿದ್ದೇಶ್ವರಿ ಸಪ್ನಾಳ ಕಡೆ ತಿರುಗಿ ನೋಡಿದಳು.

"ಯಾಕ ಸಪ್ನಾ?" ಅನೀಲಕುಮಾರ ಎದ್ದು ನಿಂತ. "ಎರಡು ಟಿಕೇಟ್ ಯಾಕ ತಗೊಂಡಿದ್ದಿ? ಇನ್ನೊಂದು ಯಾರ್ದು?"

"ನಿಂದು" ಎಂದಳು ಸಪ್ನಾ.

ಅವನಿಗೆ ಅರ್ಥವಾಗಲಿಲ್ಲ. ಅದನ್ನು ಕಂಡೇ ಅವಳ ಕಣ್ಣು ತುಂಬಿತು.

"ನಾ ತಿರುಗಿ ಬಂದಾಗ ಆರು ತಿಂಗಳು ಹೊಸ್ತಿಲ ದಾಟಿರಲಿಲ್ಲ. ಅವ್ವ ಮಾತಾಡ್ತಿರಲಿಲ್ಲ. ನೀನೇ ಬೈಕಿನ ಮ್ಯಾಲೆ ಕೂಡಿಸಿ ಪಿಕ್ಚರಿಗೆ ಒಯ್ದಿ. ಎಲ್ಲಾ ಪೊಲೀಸು, ಗೂಂಡಾಗಳದೇ. ಅಳೂ ಪಿಕ್ಚರ್ ನಿನಗ ಬ್ಯಾಡ ತಂಗಿ, ಹೊಡದಾಡೂದು ನೋಡು ಅಂತಿದ್ದಿ. ಪ್ರತಿ ಶುಕ್ರವಾರ ಎರಡು ಟಿಕೇಟು. ಇಕಿ ಬಂದ್ಲು. ಆಮ್ಯಾಲೂ ಎರಡೇ ಟಿಕೇಟು. ಈ ಪಿಕ್ಚರ್ ಬಂದಾಗ ನಾನೂ ಬರ್ತೇನಿ ಅಂದೆ. ನಿನಗ ಕೇಳಿಸಲೇ ಇಲ್ಲ ಅಣ್ಣ. ಕಾಜಲನ್ನ ಕರಕೊಂಡು ಹೋಗಬೇಕು, ಟೈಮ್ ಸಿಗವಲ್ದು ಅಂತ ನನ್ನ ಮುಂದೇ ಹೇಳಿದಿ."

ಅವಳು ಗೋಡೆ ಹಿಡಿದು ಕೂತಳು.

"ಆ ದಿನ ಒಬ್ಬಾಕೇ ಹೋಗಿ ಪಕ್ಕದ ಕುರ್ಚಿ ಖಾಲಿ ಇಟಗೊಂಡು ಕೂತೆ. ಗುಂಡು ಹಾರಿದಾಗೆಲ್ಲ ನೀ ನನ್ನ ಮಣಿಕಟ್ಟು ಹಿಡೀತಿದ್ದಿ, ಅಂಜಿಕಿ ನಿನಗೇ ಜಾಸ್ತಿ. ಎರಡು ದಿನ ಬಿಟ್ಟು ನೋಡಿದ್ರ ಇಕಿ ಓಣಿ ಮಂದೀನ್ನೆಲ್ಲ ಕೂಡಿಸಿ ಅದೇ ಕಥಿ ಹೇಳ್ಲಿಕ್ಹತ್ಯಾಳ, ಎಲ್ಲಾರೂ ಬಾಯಿ ತಗದು ಕೇಳ್ಲಿಕ್ಹತ್ಯಾರ. ನೋಡಿದಾಕಿ ನಾನು. ಅದೂ ಇಕಿದೇ ಆತು."

ಆ ನಗೆಯನ್ನು ಎಲ್ಲಿ ಕೇಳಿದ್ದೆನೆಂದು ಆಗ ನನಗೆ ಗೊತ್ತಾಯಿತು. ಮಂಚದ ತುದಿಯಲ್ಲಿ ಕೂತು "ಪರವಾಗಿಲ್ರಿ, ಇಲ್ಲೇ ಕೂಡ್ತೇನಿ" ಎಂದು ನಾನು ನಕ್ಕದ್ದೂ ಹಾಗೆಯೇ. ಅವಳು ಮಾಡಿದ್ದು ಘೋರ ತಪ್ಪು. ಒಂದು ಹೆಣ್ಣಿನ ಸಂಸಾರವನ್ನೇ ಮುರಿಯಲು ಹೊರಟಿದ್ದಳು. ಆದರೂ ಆ ತಪ್ಪು ಹೊರಟ ಜಾಗ ನನಗೆ ಪರಿಚಿತವಾಗಿತ್ತು. ನಾನು ನೆಲ ನೋಡಿದೆ.

ಅನೀಲಕುಮಾರ ಕಾಜಲಳ ಟ್ರಂಕನ್ನು ಒಳಗೆ ಒಯ್ಯಲು ಬಗ್ಗಿದ. ಕಾಜಲ ಅದರ ಮೇಲೆ ಕೈಯಿಟ್ಟಳು.

"ಬ್ಯಾಡ್ರಿ. ನಾ ಅಪ್ಪನ ಜೋಡಿ ಹೋಗ್ತೇನಿ."

"ಈಗ ಎಲ್ಲಾ ತಿಳೀತಲ್ಲ ಕಾಜಲ..."

"ನಿಮಗ ತಿಳೀತು. ಸಪ್ನಾಕ್ಕನ ಹೊಟ್ಟಿಕಿಚ್ಚು ನನಗ ತಿಳೀತದರಿ, ಆಕಿಗೆ ಒಂದು ಕಾರಣರೆ ಇತ್ತು. ನೀವು ಒಂದು ವಾರದಾಗ ಒಮ್ಮೆನೂ ನನ್ನ ಕೇಳಲಿಲ್ಲ. ಕಳಿಸಿದ್ರಂತ ಹೋಗಂಗಿಲ್ಲ ನಾ, ನಾನೇ ಹೋಗ್ತೇನಿ. ಬೇಕನಿಸಿದ್ರ ಔರಾದಿಗೆ ಬಂದು ಕರೀರಿ. ಬರಬೇಕೋ ಬ್ಯಾಡೋ, ಅವತ್ತ ಹೇಳ್ತೇನಿ."

ಹಣಮಂತಪ್ಪ ಟೋಪಿ ಇಟ್ಟುಕೊಂಡು ಮಗಳ ಟ್ರಂಕು ಎತ್ತಿದರು. ನಾವು ಹೊರಡುವಾಗ ಅನೀಲಕುಮಾರನ ಅಂಗೈಯಲ್ಲಿ ಆ ಉದ್ದ ಟಿಕೇಟು ಇನ್ನೂ ಇತ್ತು.

ಮುಂದಿನ ಬುಧವಾರ ಕಾಜಲ ನನಗೆ ಫೋನು ಮಾಡಿದಳು. ಕೋರ್ಟಿನ ಬಾಯಿಗಲ್ಲ, ನನಗೆ. ಅನೀಲಕುಮಾರ ಔರಾದಿಗೆ ಒಂದು ಸಲ ಬಂದು ಹೋಗಿದ್ದ, ಅವಳು ಇನ್ನೂ ಹೂಂ ಅಂದಿರಲಿಲ್ಲ. "ಸಪ್ನಾಕ್ಕ ಮೆಸೇಜ್ ಹಾಕ್ಯಾಳ ಟೀಚರ್. ಮಾಫಿ ಕೇಳ್ಯಾಳ. ಆಮ್ಯಾಲೆ, ಆ ಹಾರಿಸಿದ ಭಾಗ ಏನಿತ್ತು, ನೀ ಹೇಳ್ತಿ ಏನು ಅಂತ ಕೇಳ್ಯಾಳ."

"ಏನು ಹೇಳಿದಿ?"

"ಇನ್ನೂ ಏನೂ ಹೇಳಿಲ್ರಿ."

ಮರುದಿನ ಬೀದರಿನಲ್ಲಿ ಆ ಸಿನಿಮಾದ ಕೊನೆಯ ಆಟ. ಅಂದು ಮಧ್ಯಾಹ್ನ ನಾನು ಮೇಲೆ ಹೋಗಿ, ನನ್ನ ಬೆತ್ತದ ಕುರ್ಚಿಯ ಹಿಂದೆ ನಿಂತು, ಇಷ್ಟು ವರ್ಷದಲ್ಲಿ ಎಂದೂ ಕೇಳದ್ದನ್ನು ಕೇಳಿದೆ. "ಬಾಯಿ, ಪಿಕ್ಚರಿಗೆ ಹೋಗೂಣೇನ್ರಿ? ನಾವಿಬ್ಬರೇ."

ಭಾಗೀರಥಿಬಾಯಿ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಶುಕ್ರವಾರದ ಮಂಚದ ತುದಿಯೂ ಅವರ ಕಣ್ಣಿಗೆ ಬಿದ್ದಿತ್ತೆಂದು ನನಗೆ ಆಗ ಗೊತ್ತಾಯಿತು.

"ಕೇಳ್ಲಿಕ್ಕ ಏಳು ವರ್ಷ ಬೇಕಾತೇನು ಸತ್ಯಮ್ಮ?" ಎಂದು ಎದ್ದು ಚಪ್ಪಲಿ ಹುಡುಕತೊಡಗಿದರು.

ಟಿಕೇಟು ನಾನೇ ಹಿಡಿದಿದ್ದೆ. ಗೇಟಿನಲ್ಲಿ ನಿಂತವನು ಕೈಚಾಚಿದ. ನಾನು ಪಕ್ಕಕ್ಕೆ ನೋಡಿದೆ, ಅವರು ಇದ್ದರು. ಅವನು ಎರಡನ್ನೂ ಒಟ್ಟಿಗೆ ಹಿಡಿದು ಹರಿದ.